ಕೊನೆಗೆ ದಾಟಿದವಳು

ಗೈಡನ್ನು ಯಾರೂ ಪರೀಕ್ಷಿಸುವುದಿಲ್ಲ. ಹಿಮಬೆಟ್ಟಗಳ ನಡುವಿನ ನಮ್ಮ ಲಾಫೆನ್ ಕಣಿವೆಯಲ್ಲಿ ಇದು ಬರೆದಿಟ್ಟ ಕಾನೂನಲ್ಲ. ಬರೆದಿಟ್ಟ ಕಾನೂನು ಇದಕ್ಕೆ ತದ್ವಿರುದ್ಧ. ಆದರೆ ಪುಸ್ತಕದ ಕಾನೂನು ಪುಸ್ತಕದಲ್ಲಿ ಬೆಚ್ಚಗೆ ಮಲಗಿರುತ್ತದೆ, ಕಣಿವೆಯ ಕಾನೂನು ಬೆಳಿಗ್ಗೆ ಏಳಕ್ಕೇ ಎದ್ದು ಸ್ಕೀ ಕಟ್ಟಿಕೊಂಡು ಹೊರಡುತ್ತದೆ.

ಪ್ರತಿದಿನ ಬೆಳಿಗ್ಗೆ ತಂಗುಮನೆಯ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ಆಚೆ ಗೈಡ್ ಹೋಗಿ ನಿಲ್ಲುತ್ತಾನೆ. ಎದೆಗೆ ಕಟ್ಟಿಕೊಂಡ, ಹಿಮದಡಿ ಹೂತವರನ್ನು ಪತ್ತೆ ಮಾಡುವ ಬೀಪರ್ ಯಂತ್ರವನ್ನು ‘ಹುಡುಕುವುದಕ್ಕೆ’ ತಿರುಗಿಸುತ್ತಾನೆ. ಉಳಿದವರ ಬೀಪರ್‌ಗಳು ಕೂಗುತ್ತಿರಬೇಕು. ಒಬ್ಬೊಬ್ಬರಾಗಿ ಅವನ ಮುಂದೆ ದಾಟುತ್ತಾರೆ, ಒಬ್ಬೊಬ್ಬರ ಕೂಗೂ ಅವನ ಪರದೆಯ ಮೇಲೆ ಬರುತ್ತದೆ. ಅಂಗೈಯಗಲದ ಈ ಯಂತ್ರ ಒಂದೋ ಕೂಗುತ್ತದೆ, ಇಲ್ಲ ಹುಡುಕುತ್ತದೆ. ಎರಡನ್ನೂ ಒಟ್ಟಿಗೆ ಮಾಡಲಾರದು. ಕೂಗು ಎಂದರೆ ಕಿವಿಗೆ ಕೇಳದ ರೇಡಿಯೊ ಕೂಗು; ಅದನ್ನು ಹಿಡಿದ ಯಂತ್ರ ಮಾತ್ರ ಹತ್ತಿರವಾದಷ್ಟೂ ಚುರುಕಾಗಿ ಬೀಪ್ ಬೀಪ್ ಎನ್ನುತ್ತದೆ. ಹಿಮದಡಿ ಹೂತವನದು ಕೂಗುತ್ತಿರಬೇಕು, ಮೇಲೆ ಉಳಿದವರದು ಹುಡುಕಬೇಕು. ಅದಕ್ಕೇ ಎಲ್ಲರೂ ದಾಟಿದ ಮೇಲೆ ಗೈಡ್ ತನ್ನದನ್ನೂ ಕೂಗುವುದಕ್ಕೆ ಮರಳಿಸಬೇಕು, ಕೊನೆಗೆ ದಾಟಿದವರು ನಿಂತು ಅದನ್ನು ಕಣ್ಣಾರೆ ನೋಡಬೇಕು. ಈ ಕೊನೆಯ ಸಾಲನ್ನು ಮಾತ್ರ ನಮ್ಮವರು ನುಂಗಿ ನೀರು ಕುಡಿದಿದ್ದರು.

ಆಫ್ರಾಗೆ ಮೂವತ್ತನಾಲ್ಕು ವರ್ಷ. ಕೇಬಲ್ ಕಾರಿನ ಗಾಲಿಗಳಿಗೆ ಗ್ರೀಸ್ ಹಚ್ಚುವುದು, ತಂತಿ ಸವೆದಿದೆಯೋ ನೋಡುವುದು ಅವಳ ಕೆಲಸ. ಎರಡು ಚಳಿಗಾಲದ ಹಿಂದೆ ಶಾಲೆಯ ಹಿಂದಿನ ಗುಡ್ಡದ ಹಿಮ ಕುಸಿದು ಅಂಚೆಯವನ ಮಗಳು ಹಿಮದಡಿ ಸಿಕ್ಕಿಕೊಂಡಾಗ ಕಣಿವೆಯ ರಕ್ಷಣಾ ತಂಡದ ಹದಿನಾಲ್ಕು ಗಂಡಸರು ಅಗೆದರು. ಆಫ್ರಾ ಬೇರೆ ಹೆಂಗಸರ ಜೊತೆ ಚಹಾದ ಥರ್ಮಸ್ ಹಿಡಿದು ನಿಂತಿದ್ದಳು. ಹುಡುಗಿ ಬದುಕಿದಳು. ಆದರೆ ಆ ಥರ್ಮಸ್ ಹಿಡಿದು ನಿಂತದ್ದನ್ನು ಆಫ್ರಾ ಮರೆಯಲಿಲ್ಲ. ತಂಡಕ್ಕೆ ಸೇರಬೇಕು ಎಂದು ಹಟ ಹಿಡಿದಳು. ಸೇರಬೇಕಾದರೆ ಎತ್ತರದ ಗುಡ್ಡದ ತಂಗುಮನೆಯಲ್ಲಿದ್ದು ನಾಲ್ಕು ದಿನದ ತರಬೇತಿ ಮುಗಿಸಬೇಕು, ನಾಲ್ಕನೆಯ ದಿನ ಪರೀಕ್ಷೆ, ಆಮೇಲೆ ಒಂದು ಹಾಳೆಯ ಮೇಲೆ ಗೈಡ್ ಕಾಸಿಯಾನನ ಸಹಿ. ಕಾಸಿಯಾನ್ ಅವಳ ಸೋದರಮಾವ. ನಾಲ್ಕು ವರ್ಷದವಳಾಗಿದ್ದಾಗ ಅವಳ ಕಾಲಿಗೆ ಮೊದಲ ಸ್ಕೀ ಕಟ್ಟಿದವನೂ ಅವನೇ. ಹಾಗೆಂದು ಸಹಿ ಸುಲಭವಾಗಿ ಸಿಗುತ್ತದೆ ಎಂದುಕೊಂಡವರಿಗೆ ಕಾಸಿಯಾನ್ ಗೊತ್ತಿಲ್ಲ. ಸ್ವಂತ ತಮ್ಮನನ್ನೇ ಎರಡು ಸಲ ನಪಾಸು ಮಾಡಿದ ಮನುಷ್ಯ ಅವನು.

ಮೊದಲ ದಿನ ಬೆಳಿಗ್ಗೆ ಅವಳು ಕೊನೆಯಲ್ಲಿ ದಾಟಿ, ಪುಸ್ತಕದಲ್ಲಿ ಓದಿದ್ದಂತೆ ನಿಂತಳು.

"ಮಾವ, ನಿಮ್ದು ಕೂಗ್ತಿದ್ಯಾ? ಒಂದ್ಸಲ ತೋರ್ಸಿ."

"ಏನಂದೆ?"

"ಕೊನೆಯವ್ರು ನೋಡ್ಬೇಕು ಅಂತ ಪುಸ್ತಕದಲ್ಲಿದೆ."

ಅರವತ್ತಮೂರರ ಕಾಸಿಯಾನ್ ಟೊಪ್ಪಿ ಹಿಂದಕ್ಕೆ ಸರಿಸಿ ಉಳಿದಿಬ್ಬರ ಕಡೆ ನೋಡಿದ. ಒಬ್ಬ ವೆಂಡೆಲಿನ್, ಇಪ್ಪತ್ತಾರರ ಬಡಗಿ, ಬಾಯಿ ಬಿಟ್ಟರೆ ಬರೀ ತಮಾಷೆ. ಇನ್ನೊಬ್ಬ ಓಸ್ವಾಲ್ಡ್, ಊರಿನ ಬೇಕರಿಯವನು, ಹೊಟ್ಟೆ ಮುಂದೆ, ಉಸಿರು ಹಿಂದೆ.

"ಕೇಳಿದ್ರೇನ್ರೋ? ಭಾನುವಾರ ಇವಳು ಚರ್ಚಿಗೆ ಹೋಗಿ ಪಾದ್ರಿಗಳನ್ನ ನಿಲ್ಸಿ, ಸ್ವಾಮಿ, ನಿಮಗೆ ಜ್ಞಾನಸ್ನಾನ ಆಗಿದ್ಯಾ, ಸರ್ಟಿಫಿಕೇಟ್ ತೋರ್ಸಿ ಅಂತಾಳೆ!"

"ಪೋಪ್‌ನೂ ಬಿಡ್ಬೇಡ ಅಕ್ಕ," ಎಂದ ವೆಂಡೆಲಿನ್. "ರೋಮಿಗೆ ಬಸ್ ಚಾರ್ಜು ನಾನ್ ಕೊಡ್ತೀನಿ."

"ನಿಮ್ಮಮ್ಮ ನಿನ್ನ ಬಟ್ಟೇಲಿ ಸುತ್ಕೊಂಡು ಓಡಾಡ್ತಿದ್ದಾಗ್ಲೇ ಹಿಮದೊಳಗಿಂದ ಒಂಬತ್ತು ಜನನ್ನ ಎಳ್ದಿದ್ದೆ ಕಣೇ ನಾನು," ಎಂದ ಕಾಸಿಯಾನ್. "ನಡಿ ಮುಂದೆ."

ಅವನು ತೋರಿಸಲಿಲ್ಲ. ಬೀಪರ್ ಮಾತ್ರ ಸರಿಯಾಗಿಯೇ ಕೂಗುತ್ತಿತ್ತು; ಮೂವತ್ತೆಂಟು ವರ್ಷದಿಂದ ಅವನು ಅದನ್ನು ತಿರುಗಿಸಲು ಮರೆತದ್ದೇ ಇಲ್ಲ. ಆಫ್ರಾಳ ಕಿವಿ ಕೆಂಪಾಗಿ, ಆ ಕೆಂಪು ಮಧ್ಯಾಹ್ನದ ತನಕ ಇಳಿಯಲಿಲ್ಲ. ಎರಡನೆಯ ದಿನ ಅವಳು ಬಾಯಿ ತೆರೆಯಲಿಲ್ಲ. ಮೂರನೆಯ ದಿನವೂ ಇಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಹೊಸ ಬೀಪರ್‌ಗಳಿಗೆ ಒಂದು ಬುದ್ಧಿ ಇಟ್ಟಿದ್ದಾರೆ. ಹುಡುಕುತ್ತಿರುವವನು ಕೆಲವು ನಿಮಿಷ ಅಲುಗದಿದ್ದರೆ ಅದು ಕಿರುಚಿ, ತಾನಾಗಿಯೇ ಕೂಗುವುದಕ್ಕೆ ಮರಳುತ್ತದೆ. ಹುಡುಕುವವನೇ ಹೂತುಹೋಗಿದ್ದರೆ ಅವನ ಜೀವ ಉಳಿಯಲಿ ಎಂದು. ಆದರೆ ಪಾಠ ಹೇಳುವವನು ಅಲುಗದೆ ನಿಂತೇ ಪಾಠ ಹೇಳುತ್ತಾನಲ್ಲ. ಮೊದಲ ದಿನ ಕಾಸಿಯಾನ್ ಬೀಪರ್ ಕೈಯಲ್ಲಿ ಹಿಡಿದು ಹುಡುಕುವ ಕ್ರಮ ವಿವರಿಸುತ್ತಿದ್ದಾಗ ಅದು ಎರಡು ಸಲ ಮಾತಿನ ನಡುವೆ ಕಿರುಚಿಕೊಂಡಿತು.

"ಇದೊಳ್ಳೆ ಕತೆ. ನನ್ ಹೆಂಡ್ತಿಗಿಂತ ಹೆಚ್ಚು ಬಾಯಿ ಹಾಕ್ತದೆ ಇದು," ಎಂದು ಬೈದು, ಗುಂಡಿಗಳನ್ನು ಒತ್ತಿ ಒತ್ತಿ ಆ ಬುದ್ಧಿಯನ್ನೇ ತೆಗೆದುಹಾಕಿದ. ಪಾಠ ಹೇಳುವ ಗೈಡುಗಳಲ್ಲಿ ಹೀಗೆ ಮಾಡದವರು ಕಡಿಮೆ. ಆಮೇಲೆ ಮುಂದುವರಿಸಿದ. "ಹತ್ತು ನಿಮಿಷ ನಮ್ದು. ಹತ್ತು ನಿಮಿಷದಲ್ಲಿ ತೆಗೆದ್ರೆ ಹತ್ತರಲ್ಲಿ ಒಂಬತ್ತು ಜನ ಎದ್ದು ಕೂತು ನಿಮ್ಮನ್ನೇ ಬೈತಾರೆ. ಆಮೇಲಿನ ಹೊತ್ತು ದೇವ್ರದ್ದು. ದೇವ್ರಿಗೆ ಅವಸರ ಇರಲ್ಲ."

ಆಫ್ರಾ ಚೆನ್ನಾಗಿ ಕಲಿತಳು. ಮೂರನೆಯ ದಿನ ಹಿಮದಲ್ಲಿ ಹೂತಿಟ್ಟ ಎರಡು ಬೀಪರ್‌ಗಳನ್ನು ನಾಲ್ಕು ನಿಮಿಷದೊಳಗೆ ಪತ್ತೆ ಮಾಡಿ, ಮಡಿಸುವ ಉದ್ದನೆಯ ಕೋಲಿನಿಂದ ತಿವಿದು, ಅಗೆದು ತೆಗೆದಳು. ವೆಂಡೆಲಿನ್‌ಗೆ ಏಳು ನಿಮಿಷ ಹಿಡಿಯಿತು, ಓಸ್ವಾಲ್ಡ್‌ಗೆ ಹನ್ನೊಂದು. "ಓಸ್ವಾಲ್ಡಣ್ಣನ ಕೈಗೆ ಸಿಕ್ಕಿದ್ರೆ ಗೋರಿಯಿಂದ್ಲೇ ತೆಗೀಬೇಕು," ಎಂದ ವೆಂಡೆಲಿನ್. ಕಾಸಿಯಾನ್ ಗಡಿಯಾರ ನೋಡಿ, ಆಫ್ರಾಳ ಕಡೆ ತಿರುಗಿ "ಹೂಂ" ಎಂದ. ಅವನ ಹೂಂಗೆ ನಮ್ಮ ಕಣಿವೆಯಲ್ಲಿ ಪದಕದ ಬೆಲೆಯಿದೆ. ಅವಳಿಗೆ ಊಟ ಸೇರದಷ್ಟು ಖುಷಿಯಾಯಿತು.

ನಾಲ್ಕನೆಯ ಬೆಳಿಗ್ಗೆ ಆದದ್ದು ಇಷ್ಟೇ. ಕಾಸಿಯಾನ್ ತನ್ನ ಜಾಗದಲ್ಲಿ ನಿಂತಿದ್ದ. ವೆಂಡೆಲಿನ್ ದಾಟಿದ, ಓಸ್ವಾಲ್ಡ್ ದಾಟಿದ, ಆಫ್ರಾ ದಾಟಿದಳು. ಅಷ್ಟರಲ್ಲಿ ಮುಂದೆ ಓಸ್ವಾಲ್ಡನ ಸ್ಕೀ ಅಡಿಯ ತುಪ್ಪಳದ ಪಟ್ಟಿ ಕಳಚಿ ಜೋತುಬಿತ್ತು. ಹತ್ತುವಾಗ ಹಿಂದಕ್ಕೆ ಜಾರದಿರಲೆಂದು ಅಂಟಿಸುವ ಪಟ್ಟಿ ಅದು, ಒದ್ದೆಯಿದ್ದರೆ ಅಂಟುವುದಿಲ್ಲ. ಒಲೆಯ ಹತ್ತಿರ ಒಣಹಾಕು ಎಂದು ಅವನಿಗೆ ಮೂರು ದಿನದಿಂದ ಹೇಳುತ್ತಿದ್ದರು.

"ಲೋ ಬೇಕರಿ! ದಿನಾ ಹಿಟ್ಟು ನಾದ್ತೀಯ, ಒಂದು ಪಟ್ಟಿ ಅಂಟ್ಸೋಕೆ ಬರಲ್ವೇನೋ ನಿನ್ ಕೈಗೆ?" ಎಂದು ಕಾಸಿಯಾನ್ ಕೂಗಿದ. ಕೂಗುತ್ತಲೇ ಬೀಪರನ್ನು ಎದೆಯ ಚೀಲದೊಳಗೆ ತುರುಕಿ, ಜಾಕೆಟ್ಟಿನ ಜಿಪ್ ಎಳೆದುಕೊಂಡು ಮುಂದೆ ಹೊರಟ.

ಕೂಗುವುದಕ್ಕೆ ತಿರುಗಿಸಿದಾಗ ಬೀಪರ್ ಎರಡು ಸಲ ಸದ್ದು ಮಾಡಬೇಕು. ಆಫ್ರಾಗೆ ಅದು ಕೇಳಿಸಲಿಲ್ಲ. ಗಾಳಿ ಬೀಸುತ್ತಿತ್ತು, ಮಾವ ಬೈಯುತ್ತಿದ್ದ, ಸದ್ದು ಬಂದಿದ್ದರೂ ಬಂದಿರಬಹುದು. ಮಾವ, ಒಂದ್ಸಲ ತೋರ್ಸಿ. ಮೂರೇ ಮಾತು, ನಾಲಗೆಯ ತುದಿಯಲ್ಲಿ ಬಂದು ನಿಂತವು. ಇವತ್ತು ಪರೀಕ್ಷೆ, ಸಹಿ ಆಗಬೇಕಾದ ಹಾಳೆ ಅವನ ಜೇಬಿನಲ್ಲಿದೆ, ಈಗಾಗಲೇ ಅವನ ಮೂಗಿನ ತುದಿ ಕೆಂಪಾಗಿದೆ, ವೆಂಡೆಲಿನ್ ಮತ್ತೆ ರೋಮಿನ ಬಸ್ಸು ಹೊರಡಿಸುತ್ತಾನೆ. ಮೂವತ್ತೆಂಟು ವರ್ಷ ಮರೆಯದವನು ಇವತ್ತು ಮರೆತಾನೆಯೇ? ಅವಳು ನುಂಗಿಕೊಂಡಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಆಡದ ಮಾತಿನಿಂದ ಏನು ಹೋಗುತ್ತದೆ ಎಂದು ಹೇಳುವ ಪುಣ್ಯಾತ್ಮರು ಯಾರೂ ಇಲ್ಲ.

ಗುಡ್ಡದಲ್ಲಿ ಕಾಸಿಯಾನ್ ಏನೂ ತಪ್ಪು ಮಾಡಲಿಲ್ಲ. ಇದನ್ನು ಯಾರು ಕೇಳಿದರೂ ಹೇಳುತ್ತೇನೆ. ಎರಡು ದಿನದ ಗಾಳಿ ರೋಸ್‌ಕಾರ್ ಇಳಿಜಾರಿನ ಮರೆಯಲ್ಲಿ ಹಿಮ ತಂದು ಸುರಿದಿತ್ತು. ಅವನು ಗುಂಡಿ ತೋಡಿಸಿ, ಪದರಗಳನ್ನು ಬೆರಳಿನಿಂದ ಒತ್ತಿ ತೋರಿಸಿದ. ತಳದಲ್ಲಿ ಒಂದಕ್ಕೊಂದು ಅಂಟದ ಹರಳು ಹಿಮ ಅಂಗೈಯಿಂದ ಸಕ್ಕರೆಯಂತೆ ಉದುರಿತು. "ಕೆಳಗೆ ಸಕ್ಕರೆ ಇದೆ, ಮೇಲೆ ಗಟ್ಟಿ ಹಿಮದ ಹಲಗೆ ಕೂತಿದೆ. ಇದರ ನಡುವಿಂದ ಹೋಗೋನು ಕತ್ತೆ," ಎಂದ. ಅಂಚಿನ ಬಂಡೆಗಳನ್ನೇ ಹಿಡಿದು ಹೋಗುವುದೆಂದು ತೀರ್ಮಾನಿಸಿದ. ಒಂದು ಕಡೆ ಮಾತ್ರ ಐವತ್ತು ಮೀಟರಿನಷ್ಟು ಸಣ್ಣ ಕೊರಕಲು ದಾಟಬೇಕಿತ್ತು. ಒಬ್ಬರಾದ ಮೇಲೆ ಒಬ್ಬರು, ಮೊದಲು ತಾನು ಎಂದ. ಅವನು ಮುಕ್ಕಾಲು ದಾರಿ ದಾಟಿದಾಗ ನೆಲದೊಳಗಿಂದ "ಘುಮ್" ಎಂದಿತು. ಅವರು ನಿಂತ ಜಾಗಕ್ಕಿಂತ ಬಹಳ ಮೇಲೆ ಒಂದು ಗೆರೆ ಬಿರಿದದ್ದನ್ನು ಆಫ್ರಾ ನೋಡಿದಳು. ಮಾವನ ಕೆಂಪು ಟೊಪ್ಪಿ ಒಮ್ಮೆ ಕಂಡಿತು, ಇನ್ನೊಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ. ಗಂಟೆ ಹತ್ತೂ ಇಪ್ಪತ್ತು.

ಕುಸಿತ ನಿಂತ ಕೂಡಲೇ ಅವಳು ಗಡಿಯಾರದ ಗುಂಡಿ ಒತ್ತಿದಳು. "ಓಸ್ವಾಲ್ಡಣ್ಣ, ನೂರಾ ನಲವತ್ತಕ್ಕೆ ಫೋನ್ ಮಾಡಿ, ಹೆಲಿಕಾಪ್ಟರ್ ಕೇಳಿ. ವೆಂಡೆಲಿನ್, ನನ್ ಹಿಂದೆ ಬಾ. ಎಲ್ರೂ ಬೀಪರ್ ಹುಡುಕೋದಕ್ಕೆ ಹಾಕಿ!"

ಟೊಪ್ಪಿ ಕೊನೆಗೆ ಕಂಡ ಜಾಗದಿಂದ ಕೆಳಗೆ ಅವಳು ಹಾವಿನ ಹಾಗೆ ಅತ್ತಿತ್ತ ಬಳುಕುತ್ತ ಇಳಿದಳು. ಪರದೆಯ ಮೇಲೆ ಮೂವತ್ತೆರಡು ಎಂದು ಬಂತು. "ಸಿಕ್ರು! ಮೂವತ್ತೆರಡು ಮೀಟರ್!" ಬಾಣದ ಗುರುತು ಮಾತ್ರ ಕೆಳಗೆ ತೋರಿಸದೆ ಮೇಲೆ ತೋರಿಸುತ್ತಿತ್ತು. ಫೋನು ಕಿವಿಗಿಟ್ಟುಕೊಂಡ ಓಸ್ವಾಲ್ಡ್ ತನ್ನದನ್ನು ಇನ್ನೂ ತಿರುಗಿಸಿರಲಿಲ್ಲ.

"ಓಸ್ವಾಲ್ಡಣ್ಣಾ! ಬೀಪರ್!"

ಅವನು ತಿರುಗಿಸಿದ. ಅಂಕಿ ಮಾಯವಾಯಿತು. ಆಮೇಲೆ ಏನೂ ಬರಲಿಲ್ಲ.

ಕುಸಿದ ಹಿಮ ಎಪ್ಪತ್ತು ಮೀಟರ್ ಉದ್ದ, ನಲವತ್ತು ಅಗಲ ಹರಡಿತ್ತು. ಮೂವರೂ ಪಟ್ಟೆ ಪಟ್ಟೆಯಾಗಿ ಅದರ ಮೇಲೆ ಓಡಿದರು. ಒಂದು ಸ್ಕೀ ಸಿಕ್ಕಿತು, ಅದರ ಕೆಳಗೆ ಯಾರೂ ಇಲ್ಲ. ನಾಲ್ಕನೆಯ ನಿಮಿಷದಲ್ಲಿ ಆಫ್ರಾ ನಿಂತುಬಿಟ್ಟಳು. ಬೆಳಿಗ್ಗೆ ಆ ಎರಡು ಸದ್ದು ಯಾಕೆ ಕೇಳಿಸಲಿಲ್ಲ ಎಂದು ಈಗ ಅರ್ಥವಾಯಿತು. ಮೇಲೆ ಮೂರು ಬೀಪರ್ ಹುಡುಕುತ್ತಿವೆ. ಕೆಳಗೆ ನಾಲ್ಕನೆಯದೂ ಹುಡುಕುತ್ತಿದೆ. ಕೂಗುವವರೇ ಇಲ್ಲ.

"ಮಾವಂದು ಕೂಗ್ತಿಲ್ಲ," ಎಂದಳು.

"ಏನಕ್ಕ ಹಂಗಂದ್ರೆ? ಮೇಷ್ಟ್ರುದು ಕೂಗದೆ ಇರತ್ತಾ? ನಿಂದು ಕೆಟ್ಟಿರ್ಬೇಕು ನೋಡು!" ವೆಂಡೆಲಿನ್ ಅಳುವ ಹಾಗಿದ್ದ. "ಅದು ತಾನಾಗೇ ತಿರುಗತ್ತಲ್ಲ, ಎರಡು ನಿಮಿಷ ಕಾಯೋಣ, ತಿರುಗತ್ತೆ."

"ತಿರುಗಲ್ಲ. ಅದನ್ನ ತೆಗೆದ್ಹಾಕಿದ್ರು, ನೀನೂ ನೋಡ್ದೆ."

ವೆಂಡೆಲಿನ್ ತಲೆ ಎತ್ತಿ ಮೇಲೆ ನೋಡಿದ.

ಮೇಲಿನ ಇಳಿಜಾರಿನಲ್ಲಿ ಅರ್ಧ ಹಿಮ ಇನ್ನೂ ನೇತಾಡುತ್ತಿತ್ತು. ಅದೂ ಕುಸಿದು ಬಂದು ಮೂವರೂ ಹೂತುಹೋದರೆ, ಆಮೇಲೆ ಹುಡುಕಲು ಬರುವವರಿಗೆ ಸಿಗಬೇಕಲ್ಲ. ಆಫ್ರಾ ಕಲಿತದ್ದನ್ನೇ ಹೇಳಿದಳು. "ಬೀಪರ್ ಕೂಗೋದಕ್ಕೆ ವಾಪಸ್ ಹಾಕಿ. ಕೋಲು ತೆಗೀರಿ. ಸಾಲಾಗಿ ನಿಂತು ತಿವಿಯೋಣ." ಆ ಆಜ್ಞೆ ಸರಿಯಾಗಿತ್ತು. ಆಮೇಲೆ ವಿಚಾರಣೆಗೆ ಬಂದವರೂ ಸರಿ ಎಂದೇ ಬರೆದುಕೊಂಡರು.

ಕೋಲು ತಿವಿದು ಮನುಷ್ಯನನ್ನು ಹುಡುಕುವುದೆಂದರೆ ಹೊಲದಲ್ಲಿ ಬಿದ್ದ ಮೂಗುತಿಯನ್ನು ಕಣ್ಣು ಕಟ್ಟಿಕೊಂಡು ಹುಡುಕಿದ ಹಾಗೆ. ಒಂದು ಹೆಜ್ಜೆ, ಮೂರು ಸಲ ತಿವಿತ. ಮತ್ತೆ ಒಂದು ಹೆಜ್ಜೆ. ಕಲ್ಲಿಗೆ ತಾಗಿದರೆ ಕೋಲು ಜುಂ ಎನ್ನುತ್ತದೆ, ಮನುಷ್ಯನಿಗೆ ತಾಗಿದರೆ ಮೆತ್ತಗೆ ಹಿಂದಕ್ಕೆ ತಳ್ಳುತ್ತದೆ. ಕಲ್ಲು ತಾಗುತ್ತಲೇ ಇತ್ತು. ಹತ್ತು ನಿಮಿಷ ಕಳೆಯಿತು. ನಮ್ಮದು ಮುಗಿಯಿತು ಎಂದು ಆಫ್ರಾಗೆ ಗೊತ್ತಾಯಿತು. ಆದರೂ ತಿವಿಯುತ್ತಲೇ ಹೋದಳು. ಹದಿನೈದು ಕಳೆಯಿತು. ಓಸ್ವಾಲ್ಡ್ ಪ್ರತಿ ಹೆಜ್ಜೆಗೂ "ಕಾಸಿಯಾನಣ್ಣಾ, ಕಾಸಿಯಾನಣ್ಣಾ" ಎಂದು ಕರೆಯುತ್ತಿದ್ದ. ಒಂದು ಕಡೆ ತಿವಿದರು, ಆ ಕಡೆ ಹೋದರು, ಸಂಶಯ ಬಂದು ಮತ್ತೆ ಈ ಕಡೆ ಬಂದರು.

ಇಪ್ಪತ್ತಾರನೆಯ ನಿಮಿಷಕ್ಕೆ ಹೆಲಿಕಾಪ್ಟರ್ ಬಂತು. ಅದರಿಂದ ಇಳಿದ ನಾಯಿ ಐದು ನಿಮಿಷ ಅತ್ತಿತ್ತ ಮೂಸಿ, ಒಂದು ಜಾಗದಲ್ಲಿ ಕೆರೆಯತೊಡಗಿತು. ಆಫ್ರಾ ಆ ಜಾಗವನ್ನು ನೋಡಿದಳು. ಅಲ್ಲಿ ಅವಳದೇ ಬೂಟಿನ ಗುರುತುಗಳಿದ್ದವು. ಒಂದಲ್ಲ, ಮೂರು ಸಾಲು. ಕೋಲಿನ ತೂತುಗಳೂ ಇದ್ದವು, ಒಂದು ಗೇಣು ಆಚೆ, ಒಂದು ಗೇಣು ಈಚೆ.

ಎಲ್ಲರೂ ಸಲಿಕೆ ಹಿಡಿದರು. ಕುಸಿದು ನಿಂತ ಹಿಮ ಹಿಮವಾಗಿರುವುದಿಲ್ಲ, ಸಿಮೆಂಟಾಗಿರುತ್ತದೆ. ಒಂದು ಮೀಟರ್ ಇಳಿದಾಗ ಆಫ್ರಾಗೆ ಬೀಪ್ ಬೀಪ್ ಎಂಬ ಸದ್ದು ಕೇಳಿಸಿತು. ತನ್ನದೇ ಇರಬೇಕೆಂದು ಎದೆ ಮುಟ್ಟಿ ನೋಡಿಕೊಂಡಳು. ಅವಳದು ಸದ್ದಿಲ್ಲದೆ ಮಿನುಗುತ್ತಿತ್ತು. ಸದ್ದು ಕೆಳಗಿನಿಂದ ಬರುತ್ತಿತ್ತು. ಅಗೆದಂತೆಲ್ಲ ಚುರುಕಾಗುತ್ತಿತ್ತು.

ಮಾವನ ಭುಜ ಸಿಕ್ಕಿತು, ಆಮೇಲೆ ತಲೆ. ಮುಖದ ಮುಂದೆ ತೆಳ್ಳನೆಯ ಮಂಜುಗಡ್ಡೆಯ ಚಿಪ್ಪು ಕಟ್ಟಿತ್ತು. ಹಿಮದೊಳಗೆ ಬಹಳ ಹೊತ್ತು ಉಸಿರಾಡಿದವರಿಗೆ ಮಾತ್ರ ಅದು ಕಟ್ಟುತ್ತದೆ. ಹೆಲಿಕಾಪ್ಟರಿನಲ್ಲಿ ಬಂದಿದ್ದ ಡಾಕ್ಟರ್ ಜಾಕೆಟ್ಟಿನ ಜಿಪ್ ಹರಿದು ತೆರೆದಾಗ ಬೀಪರ್ ಚೀಲದಿಂದ ಹೊರಗೆ ಜಾರಿತು. ಪರದೆಯ ಮೇಲೆ ಮೂರು ಪುಟ್ಟ ಮನುಷ್ಯರ ಗುರುತುಗಳಿದ್ದವು: ಮೂವರು ಸಿಕ್ಕಿದ್ದಾರೆ ಎಂದು ಅರ್ಥ. ಕೆಳಗೆ ಒಂದು ಬಾಣ, ಅದರ ಪಕ್ಕ ಒಂದು ಅಂಕಿ. ಆಫ್ರಾ ಬಗ್ಗಿದಳು. ಬಾಣ ಅವಳ ಕಡೆ ತಿರುಗಿತು. ಒಂದು ಮೀಟರ್ ಇದ್ದದ್ದು ಸೊನ್ನೆ ಬಿಂದು ಏಳಾಯಿತು, ಇನ್ನೂ ಬಗ್ಗಿದಾಗ ಸೊನ್ನೆ ಬಿಂದು ನಾಲ್ಕಾಯಿತು. ಕೋಲು ಕೈಗೆತ್ತಿಕೊಂಡ ಹೊತ್ತಿನಿಂದ ಈ ಯಂತ್ರ ಅವರನ್ನು ಎಣಿಸುತ್ತ, ಅವರು ಹತ್ತಿರ ಬಂದಾಗ ಚುರುಕಾಗಿ, ದೂರ ಹೋದಾಗ ನಿಧಾನವಾಗಿ, ಮಾವನ ಗಲ್ಲದ ಕೆಳಗೆ ಬೀಪ್ ಬೀಪ್ ಎನ್ನುತ್ತಲೇ ಇತ್ತು. ಅವನ ಬಲಗೈ ಸೊಂಟದ ಹತ್ತಿರ ಹಿಮದಲ್ಲಿ ಎರಕ ಹೊಯ್ದ ಹಾಗೆ ಸಿಕ್ಕಿಕೊಂಡಿತ್ತು. ಬೀಪರಿನ ಗುಂಡಿಗೂ ಬೆರಳಿಗೂ ಎರಡು ಗೇಣು.

ಡಾಕ್ಟರ್ ನಲವತ್ತು ನಿಮಿಷ ಎದೆ ಒತ್ತಿದ. ಆಮೇಲೆ ಕೈಗವಸು ತೆಗೆದು ಗಡಿಯಾರ ನೋಡಿದ.

ಕುಸಿತವಾದ ಮೂರನೆಯ ದಿನ ಮಧ್ಯಾಹ್ನ ಆಫ್ರಾ ಮಾವನ ಮನೆಗೆ ಹೋದಳು. ಮಣ್ಣು ಮಾಡುವುದು ಮರುದಿನ ಇತ್ತು. ಜಪಮಾಲೆ ಹೇಳಲು ಬಂದಿದ್ದ ಹೆಂಗಸರು ಎದ್ದುಹೋಗಿದ್ದರು. ಫಿಲೋಮೆನಾ ಅತ್ತೆ ಅಡುಗೆಮನೆಯಲ್ಲಿ ಹಳೆಯ ಬ್ರೆಡ್ಡನ್ನು ಚೂರು ಚೂರಾಗಿ ಕೊಯ್ಯುತ್ತಿದ್ದಳು. ಬರುವವರಿಗೆಲ್ಲ ಬ್ರೆಡ್ಡಿನ ಕಡುಬು ಮಾಡಬೇಕಲ್ಲ. ಅವಳು ತಲೆ ಎತ್ತದೆ, ಮೇಜಿನ ಮೇಲಿದ್ದ ಮಡಿಸಿದ ಹಾಳೆಯೊಂದನ್ನು ಚಾಕುವಿನ ಹಿಡಿಯಿಂದ ಇತ್ತ ತಳ್ಳಿದಳು.

"ಆಸ್ಪತ್ರೆಯವ್ರು ಬಟ್ಟೆ ಜೊತೆ ಕೊಟ್ರು. ನಿಂದು."

ಒದ್ದೆಯಾಗಿ ಒಣಗಿದ ಹಾಳೆ. ಆಫ್ರಾಳ ಹೆಸರು, ಕೆಳಗೆ ಕಾಸಿಯಾನನ ಸಹಿ. ತಾರೀಕು ಪರೀಕ್ಷೆಯ ಹಿಂದಿನ ದಿನದ್ದು.

ಅದನ್ನು ನೋಡಿದ ಮೇಲೆ ಅವಳಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಓಸ್ವಾಲ್ಡನ ಪಟ್ಟಿ, ಕೇಳಿಸದ ಸದ್ದು, ನುಂಗಿದ ಮಾತು, ಕೆಳಗಿನಿಂದ ಬಂದ ಬೀಪ್ ಬೀಪ್. ಊರೆಲ್ಲ ಅವಳ ಬೆನ್ನು ತಟ್ಟಿತ್ತು. ರಕ್ಷಣಾ ತಂಡದ ಮುಖ್ಯಸ್ಥ, ನೀನು ಮಾಡಿದ್ದರಲ್ಲಿ ಒಂದೂ ಲೋಪವಿಲ್ಲ, ಸೋಮವಾರ ಬಂದು ತಂಡದ ಜಾಕೆಟ್ ತೆಗೆದುಕೊ ಎಂದಿದ್ದ. ಯಾರಾದರೂ ಒಬ್ಬರು ಬೇರೆ ಏನಾದರೂ ಹೇಳಲಿ ಎಂದು ಮೂರು ದಿನದಿಂದ ಅವಳು ಕಾಯುತ್ತಿದ್ದಳು.

ಅತ್ತೆ ಚಾಕು ಕೆಳಗಿಟ್ಟಳು.

"ಅವ್ರಿಗೆ ಆ ಸದ್ದು ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು ಅತ್ತೆ."

"ನೀವು ಹತ್ರ ಬಂದಿದ್ದು, ದೂರ ಹೋಗಿದ್ದು?"

"ಎಲ್ಲಾ. ಉಸಿರಿರೋ ತನಕ."

ಅತ್ತೆ ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಒಂದು ಕಡೆ ಸರಿಸಿದಳು.

"ಒಂದ್ ಮಾತು ಯಾಕ್ ಅನ್ಲಿಲ್ಲ ನೀನು?"

"ಬೈತಿದ್ರು ಅತ್ತೆ. ಎಲ್ರ ಮುಂದೆ."

"ಬೈತಿದ್ರು," ಎಂದಳು ಅತ್ತೆ. "ಮೂವತ್ತೆಂಟು ವರ್ಷ ದಿನಾ ಬೆಳಿಗ್ಗೆ ಆ ಬಾಗಿಲಲ್ಲಿ ನಿಂತು, ಬೀಪರ್ ಹಾಕ್ಕೊಂಡ್ರಾ, ಬ್ಯಾಟರಿ ನೋಡಿದ್ರಾ ಅಂತ ಕೇಳಿದೀನಿ. ದಿನಾ ಬೈದಿದಾರೆ. ಏನೇನ್ ಬೈದಿದಾರೆ ಅಂತ ನಿನಗ್ ಹೇಳೋಕಾಗಲ್ಲ. ಆ ನಾಲ್ಕು ದಿನ ಗುಡ್ಡದ ಮೇಲೆ ನಾನಿರ್ಲಿಲ್ಲ. ನೀನಿದ್ದೆ."

ಆಫ್ರಾ ಹಾಳೆಯನ್ನು ಮತ್ತೆ ಮಡಿಸಿದಳು.

"ಬೈಸ್ಕೋಬೇಕಿತ್ತು ಕಣೇ," ಎಂದಳು ಫಿಲೋಮೆನಾ. ಸಿಟ್ಟಿನಿಂದ ಹೇಳಲಿಲ್ಲ, ದಣಿದವಳ ಹಾಗೆ ಹೇಳಿದಳು. "ಅಷ್ಟೇ ಇದ್ದಿದ್ದು ನಿನ್ ಕೆಲಸ. ಬೈಸ್ಕೋಬೇಕಿತ್ತು."

ಆಮೇಲೆ ಅವಳು ಚಾಕು ಎತ್ತಿಕೊಂಡು ಇನ್ನೊಂದು ಬ್ರೆಡ್ಡನ್ನು ಹತ್ತಿರ ಎಳೆದುಕೊಂಡಳು.